ಅಮ್ಮ ಊರಿಗೆ ಹೊರಟ ಮೇಲೆ: ಬಾಣಂತಿಯ ಖಿನ್ನತೆಯನ್ನು ಗುರುತಿಸುವುದು, ತಡೆಯುವುದು, ಗುಣಪಡಿಸುವುದು



ಗರ್ಭಿಣಿಯರ ರಕ್ತಹೀನತೆ ಬಗ್ಗೆ ಬರೆದ ಕಂತಿನ ನಂತರ ಕೆಲವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕಳುಹಿಸಿದಿರಿ. "ಹೆರಿಗೆ ಚೆನ್ನಾಗಿ ಆಯಿತು, ಮಗು ಆರೋಗ್ಯವಾಗಿದೆ, ಮನೆಯಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಸೊಸೆ ಸುಮ್ಮಸುಮ್ಮನೆ ಅಳುತ್ತಾಳೆ, ಯಾಕೆ?" ಇಂದಿನ ಕಂತು ಅದಕ್ಕೇ ಮೀಸಲು. ಸ್ವಲ್ಪ ದೀರ್ಘವಾಗಿದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಒಂದು ಮನೆ ನೋಡೋಣ. ಇದು ಯಾರೋ ಒಬ್ಬರ ಕಥೆಯಲ್ಲ, ಹೊರನಾಡಿನ ನಮ್ಮ ಹಲವು ಮನೆಗಳಲ್ಲಿ ನಡೆಯುವುದನ್ನು ಒಟ್ಟು ಸೇರಿಸಿ ಹೇಳುತ್ತಿದ್ದೇನೆ. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟ್. ಹುಡುಗಿ ಕಲಬುರಗಿ ಕಡೆಯವಳು. ಮೊದಲ ಹೆರಿಗೆ ತವರಿನಲ್ಲಿ ಆಯಿತು. ಅವ್ವ ಎಣ್ಣೆ ಹಚ್ಚಿ ಬಿಸಿನೀರು ಹಾಕಿದಳು, ಅಳವಿ ಪಾಯಸ ಮಾಡಿ ಕೊಟ್ಟಳು, ಅಂಟಿನುಂಡಿ ಕಟ್ಟಿದಳು. ರಾತ್ರಿ ಕೂಸು ಅತ್ತರೆ ಅಜ್ಜಿ ಎತ್ತಿಕೊಂಡು ಪಡಸಾಲೆಯಲ್ಲಿ ಓಡಾಡಿದಳು. ಮೂರು ತಿಂಗಳು ತುಂಬಿದ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿ ಮುಂಬೈಗೆ ಕಳುಹಿಸಿದರು. ಅವ್ವನೂ ಜೊತೆಗೆ ಬಂದು ಹತ್ತು ದಿನ ಇದ್ದು, ಊರಲ್ಲಿ ಹೊಲಮನೆ ನೋಡುವವರಿಲ್ಲ ಎಂದು ಹಿಂತಿರುಗಿದಳು. ಹನ್ನೊಂದನೇ ದಿನ ಬೆಳಿಗ್ಗೆ ಗಂಡ ಏಳೂವರೆಯ ಲೋಕಲ್ ಹಿಡಿಯಲು ಓಡಿದ. ಬಾಗಿಲು ಮುಚ್ಚಿತು. ಇನ್ನು ರಾತ್ರಿ ಒಂಬತ್ತರವರೆಗೆ ಅವಳು ಮತ್ತು ಕೂಸು, ಇಬ್ಬರೇ.

ಮೂರು ವಾರ ಕಳೆಯಿತು. ಕೂಸು ಮಲಗಿದರೂ ಅವಳಿಗೆ ನಿದ್ದೆ ಬರುವುದಿಲ್ಲ. ತಲೆ ಬಾಚಿಕೊಂಡು ಎಷ್ಟು ದಿನವಾಯಿತೋ ನೆನಪಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಎರಡು ಸಲ ಹಾಕುತ್ತಾಳೆ. ಗಂಡ ಏನಾದರೂ ಕೇಳಿದರೆ ಸಿಡುಕು, ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳು. ಊರಿಂದ ಅವ್ವನ ವಿಡಿಯೋ ಕಾಲ್ ಬಂದ ಕೂಡಲೇ ಕ್ಯಾಮೆರಾವನ್ನು ಕೂಸಿನ ಕಡೆ ತಿರುಗಿಸುತ್ತಾಳೆ. ಅಲ್ಲಿ ಎಲ್ಲರೂ ಕೂಸನ್ನು ನೋಡಿ ನಗುತ್ತಾರೆ. ಎತ್ತಿಕೊಂಡವಳ ಮುಖ ಯಾರಿಗೂ ಕಾಣುವುದಿಲ್ಲ.

ನಮ್ಮ ಬಾಣಂತನ ಒಳ್ಳೆಯ ಪದ್ಧತಿ. ಅದನ್ನು ಹಳೇ ಕಾಲದ್ದೆಂದು ಹೀಗಳೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೊಸ ತಾಯಿಗೆ ಬೇಕಾದ ವಿಶ್ರಾಂತಿ, ಊಟ, ಅನುಭವಸ್ಥ ಹೆಂಗಸರ ಜೊತೆ ಎಲ್ಲವೂ ಅದರಲ್ಲಿದೆ. ಆದರೆ ಅದು ದಿನ ಎಣಿಸಿ ಮುಗಿಯುತ್ತದೆ. ಖಿನ್ನತೆಗೆ ಆ ಲೆಕ್ಕ ಗೊತ್ತಿಲ್ಲ. ಹೆರಿಗೆಯಾದ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಅದು ಶುರುವಾಗಬಹುದು. ಹಾಗಾಗಿ ಪರಊರಲ್ಲಿರುವ ನಾವು ಹೆಚ್ಚು ಎಚ್ಚರವಾಗಿರಬೇಕಾದ್ದು ಅಮ್ಮ ರೈಲು ಹತ್ತಿದ ಮರುದಿನದಿಂದ.

*ಅಳು ಬೇರೆ, ಖಿನ್ನತೆ ಬೇರೆ, ಸನ್ನಿ ಬೇರೆ*

ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ಸಣ್ಣದಕ್ಕೂ ಮನಸ್ಸು ನೋಯುತ್ತದೆ. ಹಾರ್ಮೋನುಗಳು ಏಕಾಏಕಿ ಇಳಿದಿರುತ್ತವೆ, ನಿದ್ದೆ ಕೆಟ್ಟಿರುತ್ತದೆ, ಮೈ ನೋಯುತ್ತಿರುತ್ತದೆ. ಇದಕ್ಕೆ ಔಷಧಿ ಬೇಕಿಲ್ಲ. ಹತ್ತು ಹದಿನಾಲ್ಕು ದಿನದೊಳಗೆ ತಾನಾಗಿ ಇಳಿಯುತ್ತದೆ.

ಎರಡು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಒಮ್ಮೆ ಸರಿಹೋಗಿ ತಿಂಗಳುಗಳ ನಂತರ ಮತ್ತೆ ಬಂದರೆ ಅದು ಖಿನ್ನತೆ ಇರಬಹುದು. ದಿನದ ಹೆಚ್ಚು ಹೊತ್ತು ಮನಸ್ಸು ಭಾರ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲ, ಮಗು ಮಲಗಿದಾಗಲೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, "ನಾನು ಒಳ್ಳೆಯ ತಾಯಿಯಲ್ಲ" ಎಂಬ ಕೊರಗು. ಕೆಲವರಲ್ಲಿ ಬೇಸರಕ್ಕಿಂತ ಸಿಟ್ಟು ಜಾಸ್ತಿ ಕಾಣುತ್ತದೆ, ಮನೆಯವರು ಅದನ್ನು ಕೊಬ್ಬು ಅಂದುಕೊಳ್ಳುತ್ತಾರೆ. ಇನ್ನು ಕೆಲವರಲ್ಲಿ ಆತಂಕವೇ ಮುಂದೆ: ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ರಾತ್ರಿ ಇಪ್ಪತ್ತು ಸಲ ಮೂಗಿನ ಹತ್ತಿರ ಬೆರಳಿಡುವುದು. ನಮ್ಮ ಹೆಂಗಸರು ಮನಸ್ಸಿನ ನೋವನ್ನು ಮೈ ನೋವಾಗಿ ಹೇಳುವುದೂ ಉಂಟು. ತಲೆನೋವು, ಬೆನ್ನು ಸೆಳೆತ, ಎದೆ ಉರಿ, ಕೈಕಾಲಲ್ಲಿ ಶಕ್ತಿಯೇ ಇಲ್ಲ. ಟಾನಿಕ್ ಬರೆಸಿಕೊಂಡು ಬರುತ್ತಾರೆ, ಕಾಯಿಲೆ ಹಾಗೇ ಉಳಿಯುತ್ತದೆ.

ಸನ್ನಿ ಇವೆರಡರಿಂದಲೂ ಬೇರೆಯಾದ ತುರ್ತು ಸ್ಥಿತಿ. ಅದನ್ನು ಮುಂದೆ ಬೇರೆಯಾಗಿಯೇ ಹೇಳುತ್ತೇನೆ.

*ಇದು ಅಪರೂಪವಲ್ಲ*

ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಒಟ್ಟು 20,000ಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹೆರಿಗೆಯ ನಂತರ ಸುಮಾರು 22% ತಾಯಂದಿರಲ್ಲಿ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಅಂದರೆ ಐವರಲ್ಲಿ ಒಬ್ಬರಿಗೆ. ನಿಮ್ಮ ಸಂಘದ ಮಹಿಳಾ ವಿಭಾಗದ ಗುಂಪಿನಲ್ಲಿ ಹೊಸ ತಾಯಂದಿರು ಹತ್ತು ಜನ ಇದ್ದರೆ ಇಬ್ಬರಿಗೆ ಇರಬಹುದು ಎಂದಾಯಿತು.

ಯಾರಿಗೆ ಬರುತ್ತದೆ? ಮೊದಲು ಖಿನ್ನತೆ ಆಗಿದ್ದವರಿಗೆ, ಗರ್ಭಿಣಿಯಾಗಿದ್ದಾಗಲೇ ಆತಂಕದಲ್ಲಿದ್ದವರಿಗೆ, ಹಿಂದೆ ಮಗು ಕಳೆದುಕೊಂಡವರಿಗೆ, ಮಗು ಅವಧಿಗೆ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗಿ ಬಂದವರಿಗೆ ಸಾಧ್ಯತೆ ಹೆಚ್ಚು. ಇದು ಎಲ್ಲ ದೇಶಗಳಲ್ಲೂ ಒಂದೇ. ನಮ್ಮ ಕಡೆಯ ಅಧ್ಯಯನಗಳು ಇನ್ನೂ ಕೆಲವು ಕಾರಣಗಳನ್ನು ಸ್ಪಷ್ಟವಾಗಿ ತೋರಿಸಿವೆ. 2002ರಲ್ಲಿ ಎರಡು ಅಧ್ಯಯನ ಪ್ರಕಟವಾದವು, ಒಂದು ಗೋವಾದ್ದು, ಇನ್ನೊಂದು ತಮಿಳುನಾಡಿನ ಹಳ್ಳಿಗಳದ್ದು. ಬಡತನ ಎರಡರಲ್ಲೂ ಕಾರಣವಾಗಿ ಕಂಡಿತು. ಗಂಡು ಬೇಕೆಂದಿದ್ದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಎರಡರಲ್ಲೂ ಕಂಡಿತು. ಗೋವಾದಲ್ಲಿ ಗಂಡ ಹೆಂಡತಿಯ ನಡುವಿನ ವಿರಸ, ತಮಿಳುನಾಡಿನಲ್ಲಿ ಅತ್ತೆಯೊಂದಿಗೆ, ತಂದೆತಾಯಿಯೊಂದಿಗೆ ಹೊಂದದಿರುವುದು. ತಮಿಳುನಾಡಿನ ಪಟ್ಟಿಯಲ್ಲಿ ಇನ್ನೊಂದು ಸರಳ ಕಾರಣವೂ ಇತ್ತು: ಮನೆಗೆಲಸಕ್ಕೆ, ಮಗು ನೋಡಿಕೊಳ್ಳಲು ಕೈಗೂಡಿಸುವವರು ಇಲ್ಲದಿರುವುದು. ಹಳ್ಳಿಯಲ್ಲೇ ಹೀಗಾದರೆ, ಪಕ್ಕದ ಮನೆಯವರ ಭಾಷೆಯೇ ಬೇರೆಯಾಗಿರುವ ಊರಿನ ನಾಲ್ಕನೇ ಮಹಡಿಯಲ್ಲಿ ಹೇಗಿರಬೇಡ.

ಹೆಣ್ಣು ಮಗುವಿನ ವಿಷಯ ಬಂದಿದ್ದರಿಂದ ಒಂದು ಮಾತು. "ಮುಂದಿನ ಸಲ ಗಂಡಾಗಲಿ ಬಿಡು" ಎಂದು ಸಮಾಧಾನ ಹೇಳುವ ಬಂಧುಗಳೇ, ಅದು ಸಮಾಧಾನ ಅಲ್ಲ. ಹೊಲಿಗೆ ಇನ್ನೂ ಒಣಗದ ತಾಯಿಗೆ "ಈ ಸಲದ್ದು ಲೆಕ್ಕಕ್ಕಿಲ್ಲ" ಎಂದು ಹೇಳಿದ ಹಾಗೆ. "ಹಾಲು ಸಾಲುತ್ತಿಲ್ಲವೇನೋ, ಮಗು ಸೊರಗಿದೆ" ಎನ್ನುವುದೂ ಅದೇ ಜಾತಿಯ ಮಾತು. ಮಗು ದಿನಕ್ಕೆ ಆರೇಳು ಸಲ ಮೂತ್ರ ಮಾಡುತ್ತಾ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ.

*ಯಾವ ಭಾಷೆಯಲ್ಲಿ ಅಳುವುದು?*

ಹೊರನಾಡಿನ ನಮ್ಮದೇ ತೊಂದರೆ ಇದು. ಮದುವೆಯಾಗಿ ಬಂದು ಒಂದೆರಡು ವರ್ಷವಾದ ಹುಡುಗಿ ಮರಾಠಿ, ತೆಲುಗು, ತಮಿಳು ಅಥವಾ ಹಿಂದಿಯಲ್ಲಿ ತರಕಾರಿ ಕೊಳ್ಳಬಲ್ಲಳು, ಆಟೋದವನ ಜೊತೆ ಜಗಳವಾಡಬಲ್ಲಳು. ಆದರೆ "ಒಳಗೆ ಏನೋ ಸಂಕಟ, ಜೀವವೇ ಬೇಡ ಅನ್ನಿಸ್ತದೆ" ಎಂಬುದನ್ನು ಡಾಕ್ಟರಿಗೆ ಆ ಭಾಷೆಯಲ್ಲಿ ಹೇಳಲಾರಳು. ಗಂಡ ನಡುವೆ ನಿಂತು ಅನುವಾದ ಮಾಡುತ್ತಾನೆ: "ಸ್ವಲ್ಪ ಟೆನ್ಷನ್ ಮಾಡ್ಕೋತಾಳೆ ಡಾಕ್ಟ್ರೇ." ಅಲ್ಲಿಗೆ ಮುಗಿಯಿತು. ನೋವಿನ ಮೂಲ ಗಂಡನೋ ಅತ್ತೆಯೋ ಆಗಿದ್ದರಂತೂ ಅವರ ಎದುರು ಅವಳು ಬಾಯಿ ಬಿಡುವುದೇ ಇಲ್ಲ.

ಇದಕ್ಕೆ ಎರಡು ದಾರಿ ಇವೆ. ಒಂದು, ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ. ಸಂಖ್ಯೆ *14416*. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನದ 24 ಗಂಟೆ ಇರುತ್ತದೆ, ಹಣ ಕೊಡಬೇಕಿಲ್ಲ, ದೇಶದ ಯಾವ ಊರಿನಿಂದಲೂ ಮಾಡಬಹುದು. ಭಾಷೆಗಳ ಆಯ್ಕೆಯಲ್ಲಿ ಕನ್ನಡವೂ ಇದೆ. ಹೆಸರು ಹೇಳಲು ಇಷ್ಟವಿಲ್ಲದಿದ್ದರೂ ಮಾತನಾಡಬಹುದು. ಎರಡು, ಡಾಕ್ಟರ ಹತ್ತಿರ ಹೋಗುವ ಮುನ್ನ ಅವಳೇ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಳ್ಳಲಿ: ನಿದ್ದೆ ಎಷ್ಟು ಗಂಟೆ, ಅಳು ಯಾವಾಗ, ಯಾವ ಯೋಚನೆ ಪದೇ ಪದೇ ಬರುತ್ತದೆ. ಅದನ್ನು ಎರಡೂ ಭಾಷೆ ಬಲ್ಲ ಒಬ್ಬ ಹೆಂಗಸು, ಅಕ್ಕನೋ ನೆರೆಮನೆಯವರೋ ಸಂಘದವರೋ, ಜೊತೆಗಿದ್ದು ಓದಿ ಹೇಳಲಿ. ಗಂಡ ಸ್ವಲ್ಪ ಹೊತ್ತು ಹೊರಗೆ ಕೂತರೆ ಅವನ ಮರ್ಯಾದೆಗೇನೂ ಕಮ್ಮಿಯಾಗುವುದಿಲ್ಲ.

*ಲಸಿಕೆ ಮಗುವಿಗೆ, ಪ್ರಶ್ನೆ ತಾಯಿಗೆ*

ಮಗುವಿನ ಲಸಿಕೆಯ ದಿನ ಯಾರೂ ಮರೆಯುವುದಿಲ್ಲ. ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ, ಮತ್ತೆ ಒಂಬತ್ತನೇ ತಿಂಗಳು. ಇದೇ ನಾಲ್ಕು ದಿನ ತಾಯಿಯನ್ನೂ ಕೇಳುವ ರೂಢಿ ಇಟ್ಟುಕೊಂಡರೆ ಬೇರೆ ಕ್ಯಾಲೆಂಡರ್ ಬೇಡ. ಕೇಳಬೇಕಾದ್ದು ಎರಡೇ:

"ಈ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸಿಗೆ ಬೇಜಾರು, ಕುಗ್ಗಿದ ಹಾಗೆ, ಇನ್ನೇನೂ ಇಲ್ಲ ಅನ್ನೋ ಹಾಗೆ ಆಗಿದೆಯಾ?"
"ಮೊದಲು ಖುಷಿ ಕೊಡುತ್ತಿದ್ದ ವಿಷಯಗಳಲ್ಲಿ ಈಗ ಮನಸ್ಸೇ ಇಲ್ಲ ಅನ್ನಿಸ್ತಿದೆಯಾ?"

ಒಂದಕ್ಕೆ ಹೌದು ಎಂದರೂ ಡಾಕ್ಟರನ್ನು ಕಾಣಬೇಕು. ಅಲ್ಲಿ ಅವರು ಎಡಿನ್‌ಬರಾ ಮಾಪಕ ಎಂಬ ಹತ್ತು ಪ್ರಶ್ನೆಗಳ ಹಾಳೆ ಕೊಡಬಹುದು. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪಿಸಿದ್ದು, ಈಗ ಎಲ್ಲೆಡೆ ಬಳಕೆಯಲ್ಲಿದೆ, ಕನ್ನಡಕ್ಕೂ ಅನುವಾದವಾಗಿದೆ. ಕಳೆದ ಏಳು ದಿನಗಳಲ್ಲಿ ನಗು, ಅಳು, ನಿದ್ದೆ, ಭಯ, ತನ್ನನ್ನೇ ದೂಷಿಸಿಕೊಳ್ಳುವುದು ಹೇಗಿತ್ತು ಎಂದು ಕೇಳುತ್ತದೆ. ಒಟ್ಟು ಅಂಕ 30. ಸಾಮಾನ್ಯವಾಗಿ 13 ಅಥವಾ ಹೆಚ್ಚು ಬಂದರೆ ಖಿನ್ನತೆಯ ಸಾಧ್ಯತೆ ಇದೆಯೆಂದು ಮುಂದಿನ ತಪಾಸಣೆ ಮಾಡುತ್ತಾರೆ. ಅಂಕ ಎಷ್ಟೇ ಕಡಿಮೆ ಇರಲಿ, ಹತ್ತನೇ ಪ್ರಶ್ನೆಗೆ, ಅಂದರೆ ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆಗೆ, ಹೌದು ಎಂದಿದ್ದರೆ ಅಂದೇ ಗಮನ ಕೊಡಬೇಕು.

ಆ ಪ್ರಶ್ನೆ ಮನೆಯಲ್ಲೂ ಕೇಳಬಹುದು, ಕೇಳಬೇಕು. "ಸಾಯಬೇಕು ಅನ್ನಿಸ್ತದೇನವ್ವಾ?" ಎಂದು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಅನೇಕರಿಗಿದೆ. ಹಾಗಾಗುವುದಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಎದೆ ಹಗುರವಾಗುವುದೇ ಹೆಚ್ಚು. ಹೌದು ಎಂದರೆ ಬೈಯಬೇಡಿ, ಮಗುವಿನ ಮೇಲೆ ಆಣೆ ಹಾಕಿಸಬೇಡಿ. ಒಬ್ಬಳೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಕೀಟನಾಶಕ ಎತ್ತಿಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೊಂದು ಗುಟ್ಟಿನ ಸಂಕಟವಿದೆ. ಕೆಲವು ತಾಯಂದಿರಿಗೆ "ಮಗುವನ್ನು ಬಾಲ್ಕನಿಯಿಂದ ಬೀಳಿಸಿಬಿಟ್ಟರೆ?" ಎಂಬಂಥ ಯೋಚನೆ ಬೇಡವೆಂದರೂ ನುಗ್ಗುತ್ತದೆ. ಅವರು ಬೆವರುತ್ತಾರೆ, ಬಾಲ್ಕನಿಯ ಕಡೆ ಹೋಗುವುದನ್ನೇ ಬಿಡುತ್ತಾರೆ, ತಾನು ರಾಕ್ಷಸಿಯೇನೋ ಎಂದು ಯಾರಿಗೂ ಹೇಳದೆ ಕೊರಗುತ್ತಾರೆ. ಆ ಯೋಚನೆಗೆ ತಾನೇ ಬೆಚ್ಚಿಬೀಳುವುದು ಆತಂಕದ ಕಾಯಿಲೆಯ ಲಕ್ಷಣ, ಇಂಥವರು ಮಗುವಿಗೆ ಹಾನಿ ಮಾಡುವುದು ತೀರಾ ಅಪರೂಪ. ವೈದ್ಯರಿಗೆ ಧೈರ್ಯವಾಗಿ ಹೇಳಿ, ಚಿಕಿತ್ಸೆ ಇದೆ. ಆ ಯೋಚನೆ ತಪ್ಪೆಂದೇ ಅನ್ನಿಸದೆ, "ಮಗು ಸತ್ತರೇ ಒಳ್ಳೆಯದು" ಎಂದು ನಂಬತೊಡಗಿದರೆ ಅದು ಬೇರೆಯೇ ವಿಷಯ, ತುರ್ತು.

*ಚಿಕಿತ್ಸೆ: ಮಾತು, ಮಾತ್ರೆ, ಎರಡೂ*

ಮೊದಲ ಭೇಟಿಯಲ್ಲೇ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೆರಿಗೆಯ ನಂತರ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ, ರಕ್ತಹೀನತೆಯಂತೂ ನಮ್ಮಲ್ಲಿ ಸಾಮಾನ್ಯ. ಇವೆರಡೂ ಖಿನ್ನತೆಯಂತೆಯೇ ಸುಸ್ತು, ಬೇಸರ ತರುತ್ತವೆ, ಖಿನ್ನತೆ ಇದ್ದರೆ ಅದನ್ನು ಹೆಚ್ಚಿಸುತ್ತವೆ.

ಸೌಮ್ಯ ಖಿನ್ನತೆಗೆ ಮಾತಿನ ಚಿಕಿತ್ಸೆ ಸಾಕಾಗಬಹುದು. ಮಾತಿನ ಚಿಕಿತ್ಸೆ ಅಂದರೆ "ಧೈರ್ಯವಾಗಿರು, ಎಲ್ಲಾ ಸರಿಹೋಗ್ತದೆ" ಎಂದು ಬೆನ್ನು ತಟ್ಟುವುದಲ್ಲ. ಯಾವ ಯೋಚನೆಯಿಂದ ಮನಸ್ಸು ಕುಸಿಯುತ್ತದೆ, ಅದನ್ನು ಹೇಗೆ ಬದಲಿಸುವುದು, ದಿನಕ್ಕೆ ಒಂದು ಸಣ್ಣ ಕೆಲಸ ಹೇಗೆ ಮರಳಿ ಶುರುಮಾಡುವುದು, ಮನೆಯವರೊಂದಿಗಿನ ಬಿರುಕನ್ನು ಹೇಗೆ ಮಾತಾಡಿ ಸರಿಪಡಿಸುವುದು ಎಂದು ವಾರ ವಾರ ಕ್ರಮವಾಗಿ ಮಾಡುವ ಕೆಲಸ. ಇದನ್ನು ದೊಡ್ಡ ಡಿಗ್ರಿ ಇರುವವರೇ ಮಾಡಬೇಕೆಂದೂ ಇಲ್ಲ. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಿನ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರಿಗೆ ತರಬೇತಿ ಕೊಟ್ಟು, ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಕಳುಹಿಸಿದರು. ಹೆರಿಗೆಯ ನಂತರವೂ ಭೇಟಿ ಮುಂದುವರಿಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮಗುವಿಗೆ ಆರು ತಿಂಗಳಾದಾಗ, ಈ ತರಬೇತಿ ಇಲ್ಲದ ಸಾಮಾನ್ಯ ಭೇಟಿಗಳಷ್ಟೇ ಸಿಕ್ಕವರಲ್ಲಿ 53% ಇನ್ನೂ ಖಿನ್ನತೆಯಲ್ಲಿದ್ದರು, ತರಬೇತಾದವರ ಭೇಟಿ ಸಿಕ್ಕವರಲ್ಲಿ 23% ಮಾತ್ರ. ಇದೇ ಕ್ರಮವನ್ನು ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಕೈಪಿಡಿಯಾಗಿ ಹೊರತಂದಿತು. ಗೋವಾದಲ್ಲಿ ಅದೇ ಊರಿನ ಸಾಮಾನ್ಯ ತಾಯಂದಿರಿಗೇ ತರಬೇತಿ ಕೊಟ್ಟು ಪ್ರಯೋಗ ನಡೆಸಿದರು. ನಮ್ಮ ಸಂಘಗಳು ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡಿ ಶಾಲು ಹೊದಿಸುವುದರ ಜೊತೆಗೆ ಇಂಥದ್ದನ್ನೂ ಯೋಚಿಸಬಹುದು.

ಖಿನ್ನತೆ ಮಧ್ಯಮ ಅಥವಾ ತೀವ್ರವಾಗಿದ್ದರೆ ಮಾತ್ರೆ ಬೇಕಾಗುತ್ತದೆ. ಇಲ್ಲೇ ಮನೆಯಲ್ಲಿ ಗಲಾಟೆ ಶುರುವಾಗುವುದು. "ಹಾಲು ಕುಡಿಸುವವಳು ತಲೆಗೆ ಮಾತ್ರೆ ತಿನ್ನುವುದೇ?" ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೀಗಿದೆ. ಖಿನ್ನತೆಯ ಮಾತ್ರೆಗಳಲ್ಲಿ ಎದೆಹಾಲಿಗೆ ಬಹಳ ಕಡಿಮೆ ಪ್ರಮಾಣದಲ್ಲಿ ಸೇರುವಂಥವು ಇವೆ. ಸೆರ್ಟ್ರಾಲಿನ್ ಎಂಬುದು ಅಂಥದ್ದು, ಹಾಲುಣಿಸುವ ತಾಯಂದಿರಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಇದನ್ನೇ. ಮಗು ಅವಧಿಗೆ ಮೊದಲೇ ಹುಟ್ಟಿದ್ದರೆ, ಬೇರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಬೇಕು. ಹೆಚ್ಚಿನವರು ಹಾಲುಣಿಸುವುದನ್ನು ನಿಲ್ಲಿಸಬೇಕಾಗುವುದಿಲ್ಲ. ಆದರೆ ಹೆಸರು ಗೊತ್ತಾಯಿತೆಂದು ಮೆಡಿಕಲ್ ಶಾಪಿನಿಂದ ತಂದು ತಿನ್ನುವ ಔಷಧಿ ಅಲ್ಲ ಇದು. ಮೊದಲು ಎಂದಾದರೂ ಅತಿ ಉತ್ಸಾಹ, ನಿದ್ದೆಯಿಲ್ಲದೆ ಓಡಾಟ, ದುಂದುವೆಚ್ಚದ ಅವಧಿ ಬಂದಿತ್ತೇ ಎಂದು ವೈದ್ಯರು ಕೇಳಿಯೇ ಬರೆಯುತ್ತಾರೆ, ಏಕೆಂದರೆ ಅಂಥವರಿಗೆ ಚಿಕಿತ್ಸೆ ಬೇರೆ.

ಮಾತ್ರೆ ಶುರುಮಾಡಿದ ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ಸ್ವಲ್ಪ ತಳಮಳ ಆಗಬಹುದು, ಇಳಿಯುತ್ತದೆ. ತಳಮಳ ಹೆಚ್ಚಾಗುತ್ತಾ ಹೋದರೆ ವೈದ್ಯರಿಗೆ ಫೋನ್ ಮಾಡಿ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಹತ್ತು ದಿನ ನೋಡಿ "ಏನೂ ಉಪಯೋಗ ಇಲ್ಲ" ಎಂದು ಬಿಡುವವರು ಬಹಳ. ಅದಕ್ಕಿಂತ ಹೆಚ್ಚಿನವರು ಗುಣವಾದ ಕೂಡಲೇ ಬಿಡುತ್ತಾರೆ, ಕಾಯಿಲೆ ಮರಳುತ್ತದೆ, ಆಮೇಲೆ "ಮಾತ್ರೆ ಚಟ ಹತ್ತಿತು" ಎನ್ನುತ್ತಾರೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಿ ನಿಲ್ಲಿಸಬೇಕು. ನಿದ್ದೆ ಮಾತ್ರೆಯ ಕಥೆ ಬೇರೆ. ಅದು ಅಭ್ಯಾಸವಾಗಬಲ್ಲದು, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವ ತಾಯಿಗೆ ಅಪಾಯವೂ ಹೌದು. ವೈದ್ಯರ ಮಾತಿಲ್ಲದೆ ಬೇಡವೇ ಬೇಡ.

ಖರ್ಚಿನ ಚಿಂತೆ ಇರುವವರಿಗೆ: ಈ ಮಾತ್ರೆಗಳ ಜೆನೆರಿಕ್ ರೂಪ ದುಬಾರಿಯಲ್ಲ. ಸರಕಾರಿ ವೈದ್ಯಕೀಯ ಕಾಲೇಜು, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು.

*ಸನ್ನಿ: ಕಾಯಬೇಡಿ*

ಸಾವಿರ ಹೆರಿಗೆಗಳಲ್ಲಿ ಒಂದೆರಡು ತಾಯಂದಿರಿಗೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ, ಇದ್ದಕ್ಕಿದ್ದಂತೆ ಬುದ್ಧಿ ಕದಡುತ್ತದೆ. ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲ, ಆದರೂ ದಣಿವಿಲ್ಲ. ಅಸಂಬದ್ಧ ಮಾತು, ಇಲ್ಲದ ದನಿ ಕೇಳುವುದು, ಯಾರೋ ಮಾಟ ಮಾಡಿದ್ದಾರೆ, ಇದು ನನ್ನ ಮಗುವೇ ಅಲ್ಲ, ಬದಲಿಸಿದ್ದಾರೆ ಎನ್ನುವುದು, ಗಳಿಗೆಗೊಂದು ಮನಸ್ಥಿತಿ. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಇದನ್ನೇ. ತಣ್ಣೀರು ಮುಟ್ಟಿದ್ದಕ್ಕೆ, ಗಾಳಿ ಸೋಕಿದ್ದಕ್ಕೆ ಬರುವುದಲ್ಲ. ತಾಯತ, ದೇವರು ಕೇಳಿಸುವುದು ಎಂದು ಒಂದು ದಿನವನ್ನೂ ಕಳೆಯಬೇಡಿ. ಅದೇ ದಿನ ಮನೋವೈದ್ಯರಿರುವ ಆಸ್ಪತ್ರೆಗೆ ಹೋಗಿ. ಅಲ್ಲಿಯವರೆಗೆ ತಾಯಿ ಮಗು ಇಬ್ಬರನ್ನೇ ಬಿಡಬೇಡಿ. ಬೈಪೋಲಾರ್ ಕಾಯಿಲೆ ಇದ್ದವರಿಗೆ, ಹಿಂದಿನ ಹೆರಿಗೆಯಲ್ಲಿ ಹೀಗಾದವರಿಗೆ ಅಪಾಯ ಹೆಚ್ಚು. ಗರ್ಭಿಣಿಯಾದಾಗಲೇ ಇದನ್ನು ವೈದ್ಯರಿಗೆ ಹೇಳಿ ಸಿದ್ಧತೆ ಮಾಡಿಕೊಳ್ಳಬೇಕು, ಸಂಬಂಧಿಕರಿಂದ ಮುಚ್ಚಿಟ್ಟರೂ ವೈದ್ಯರಿಂದ ಮುಚ್ಚಿಡಬಾರದು.

ಇದು ಚೆನ್ನಾಗಿ ಗುಣವಾಗುವ ಕಾಯಿಲೆ. ದಾಖಲು ಮಾಡಬೇಕಾಗಿ ಬಂದರೆ ತಾಯಿ ಮಗುವನ್ನು ಬೇರ್ಪಡಿಸುತ್ತಾರೆಂದು ಹೆದರಬೇಕಿಲ್ಲ. ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ದೂರ ಮಾಡಬಾರದು ಎಂದು ಅದೇ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಿಶೇಷ ವಿಭಾಗ 2009ರಿಂದ ಇದೆ.

*ತಡೆಯುವುದು ಕುಬುಸದ ದಿನವೇ ಶುರು*

ಏಳನೇ ತಿಂಗಳ ಕುಬುಸ, ಸೀಮಂತದ ಹೊತ್ತಿಗೆ ಎರಡೂ ಕಡೆಯವರು ಸೇರಿರುತ್ತಾರೆ. ಸೀರೆ, ತಟ್ಟೆಗಳ ಮಾತಿನ ನಡುವೆ ಇದನ್ನೂ ಕೂತು ಮಾತಾಡಿ: ಬಾಣಂತನದ ನಂತರದ ಮೂರು ತಿಂಗಳು ಊರಿಂದ ಯಾರು ಯಾವಾಗ ಬರುತ್ತಾರೆ? ಅಮ್ಮ, ಅತ್ತೆ ಇಬ್ಬರೂ ಒಟ್ಟಿಗೇ ಬಂದು ಒಟ್ಟಿಗೇ ಹೋಗುವುದು ನಮ್ಮಲ್ಲಿ ಸಾಮಾನ್ಯ. ಅದಕ್ಕಿಂತ ಒಬ್ಬರಾದ ಮೇಲೆ ಒಬ್ಬರು ಬರುವುದು ಮೇಲು. ಯಾರೂ ಬರಲಾಗದಿದ್ದರೆ ಎರಡು ಗಂಟೆಗಾದರೂ ಒಬ್ಬ ಕೆಲಸದವರನ್ನು ಇಡಿ. ನಾಮಕರಣಕ್ಕೆ ಹಾಲ್ ಹಿಡಿಯುವ ದುಡ್ಡಿನಲ್ಲಿ ಆರು ತಿಂಗಳ ಸಂಬಳ ಆಗುತ್ತದೆ.

ಗಂಡಂದಿರಿಗೆ ಒಂದೇ ಒಂದು ಕೆಲಸ ಹೇಳುವುದಾದರೆ ಇದನ್ನು ಹೇಳುತ್ತೇನೆ: ಅವಳಿಗೆ ರಾತ್ರಿ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಗುವಂತೆ ಮಾಡಿ. ಹತ್ತು ಗಂಟೆಗೆ ಹಾಲು ಕುಡಿಸಿ ಅವಳು ಮಲಗಲಿ. ಎರಡು ಮೂರರವರೆಗೆ ಮಗು ನಿಮ್ಮದು. ನಡುವೆ ಹಸಿದರೆ ಮೊದಲೇ ಹಿಂಡಿಟ್ಟ ಎದೆಹಾಲನ್ನು ಶುದ್ಧವಾದ ಒಳಲೆಯಲ್ಲೋ ಚಮಚದಲ್ಲೋ ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ. "ನನಗೆ ಬೆಳಿಗ್ಗೆ ಡ್ಯೂಟಿ ಇದೆ" ಎನ್ನುತ್ತೀರಿ. ಅವಳಿಗೂ ಇದೆ, ಅವಳ ಶಿಫ್ಟ್ ಮುಗಿಯುವುದೇ ಇಲ್ಲ. ವಾರದಲ್ಲಿ ಮೂರು ರಾತ್ರಿ ಮಾಡಿದರೂ ವ್ಯತ್ಯಾಸ ಕಾಣುತ್ತದೆ. ನಿಮ್ಮ ಮನಸ್ಸೂ ಕುಗ್ಗಿದ್ದರೆ ನಾಚಿಕೆ ಬೇಡ. ಹತ್ತು ಅಪ್ಪಂದಿರಲ್ಲಿ ಒಬ್ಬರಿಗೆ ಹೀಗಾಗುತ್ತದೆ, 14416 ನಿಮಗೂ ಇದೆ.

ಅತ್ತೆಯಂದಿರಿಗೆ, ಅಮ್ಮಂದಿರಿಗೆ: ಕತ್ತಲೆ ಕೋಣೆ, ನೀರು ಕಡಿಮೆ, ಸೊಪ್ಪು ಹಣ್ಣು ಬೇಡ ಎಂಬ ಪಥ್ಯ ಬಿಡಿ. ಬಾಣಂತಿಗೆ ನೀರು ಹೆಚ್ಚೇ ಬೇಕು. ಬೆಳಿಗ್ಗೆ ಅರ್ಧ ಗಂಟೆ ಬೆಳಕಲ್ಲಿ ಓಡಾಡಲಿ, ಸೊಸೈಟಿಯ ಕೆಳಗೆ ಹೋಗಿ ಬಂದರೂ ಸಾಕು. ಎಣ್ಣೆನೀರು ಹಾಕಿ, ಅದರ ಸುಖ ಯಾವ ಮಾತ್ರೆಯಲ್ಲೂ ಇಲ್ಲ. ಹಾಕುವಾಗ "ನಮ್ಮ ಕಾಲದಲ್ಲಿ ಹೆತ್ತ ಹತ್ತನೇ ದಿನಕ್ಕೆ ಕಳೆ ತೆಗೆಯೋಕೆ ಹೋಗ್ತಿದ್ದೆವು" ಎಂಬುದನ್ನು ಮಾತ್ರ ಹೇಳಬೇಡಿ. ಆ ಕಾಲದಲ್ಲೂ ಐವರಲ್ಲಿ ಒಬ್ಬಳು ಹಿತ್ತಲಲ್ಲಿ ಕೂತು ಅತ್ತಿರಬೇಕು, ಹೆಸರಿಟ್ಟವರಿರಲಿಲ್ಲ ಅಷ್ಟೇ.

ಊರಲ್ಲಿ ಮಾಡಿಸಿದ ತಾಯಿ ಕಾರ್ಡ್, ಡಿಸ್ಚಾರ್ಜ್ ಕಾಗದ ಎಲ್ಲವನ್ನೂ ಊರಲ್ಲೇ ಬಿಟ್ಟು ಬರಬೇಡಿ. ಇರುವ ಊರಿನ ಅಂಗನವಾಡಿ ಅಥವಾ ಆರೋಗ್ಯ ಕೇಂದ್ರದಲ್ಲಿ ಬಂದ ವಾರವೇ ಹೆಸರು ಬರೆಸಿ. ಖಿನ್ನತೆಗೆ ಹಿಂದೆ ಚಿಕಿತ್ಸೆ ಪಡೆದವರು ಗರ್ಭಿಣಿಯಾದ ಮೇಲೆ ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಅಪಾಯ ಹೆಚ್ಚಿರುವವರಿಗೆ ಗರ್ಭಿಣಿಯಾಗಿದ್ದಾಗಲೇ ಆಪ್ತಸಮಾಲೋಚನೆ ಶುರುಮಾಡಿದರೆ ಖಿನ್ನತೆ ಬರುವ ಸಂಭವವೇ ತಗ್ಗುತ್ತದೆ.

ಕೊನೆಯದಾಗಿ ಈ ಸಂದೇಶವನ್ನು ಫಾರ್ವರ್ಡ್ ಮಾಡುವ ಬಗ್ಗೆ. ಬಾಣಂತಿಯ ಫೋನಿಗೆ ಕಳುಹಿಸಿ ಕೈತೊಳೆದುಕೊಳ್ಳಬೇಡಿ, ಅವಳಿಗೆ ಇಷ್ಟುದ್ದ ಓದುವ ತ್ರಾಣ ಇರಲಿಕ್ಕಿಲ್ಲ. ಅವಳ ಗಂಡನಿಗೆ, ಅತ್ತೆಗೆ, ಊರಲ್ಲಿರುವ ಅವ್ವನಿಗೆ ಕಳುಹಿಸಿ. ಅವಳಿಗೆ ಫೋನ್ ಮಾಡಿ. ವಿಡಿಯೋ ಕಾಲ್‌ನಲ್ಲಿ ಕೂಸು ಕಂಡರೆ ಎರಡು ನಿಮಿಷ ಮುದ್ದು ಮಾಡಿ, ಆಮೇಲೆ "ಕ್ಯಾಮೆರಾ ನಿನ್ನ ಕಡೆ ತಿರುಗಿಸವ್ವಾ, ನಿನ್ನ ನೋಡಬೇಕು" ಎನ್ನಿ.